ಬಂಗಾರ ಬಣ್ಣದ ಚೀಲಕ್ಕೆ ನಾಲ್ಕು ಹೊಲಿಗೆ

ಟಕ್... ಟಕ್... ಟಕ್. ಮನೆಯ ಹೊಲಿಗೆ ಯಂತ್ರದಂತೆ ಕಟಕಟನೆ ಓಡುವ ಸದ್ದಲ್ಲ ಅದು. ಬೆರಳು ದಪ್ಪದ ನೈಲಾನ್ ಪಟ್ಟಿಯೊಳಗೆ ಸೂಜಿ ಇಳಿದು, ಅಲ್ಲೇ ಒಂದು ಉಸಿರಿನಷ್ಟು ಹೊತ್ತು ನಿಂತು, ಮತ್ತೆ ಮೇಲೇಳುವ ಸದ್ದು. ಒಂದೊಂದು ಟಕ್‌ಗೂ ಅಟ್ಟದ ತಗಡು ಅದುರುತ್ತಿತ್ತು. ನನ್ನ ಮೇಜಿನ ಮೇಲಿನ ಚಹಾದಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಒಂದು ಬೇಸಿಗೆ ಪೂರ್ತಿ ಆ ಸದ್ದಿನ ಪಕ್ಕದಲ್ಲಿ ಕೂತು ಚಹಾ ಕುಡಿದವಳು ನಾನು.

ಮೊನ್ನೆ ಠಾಣೆ ಸ್ಟೇಶನ್ನಿನ ಹೊರಗೆ, ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲಿ ಬ್ಯಾಗ್ ರಿಪೇರಿ ಮಾಡುವವನೊಬ್ಬ ಶಾಲೆಯ ಚೀಲದ ಪಟ್ಟಿಯನ್ನು ಕತ್ತರಿಸಿ, ಎಳೆ ಬಿಚ್ಚದಿರಲೆಂದು ಅದರ ತುದಿಗೆ ಲೈಟರ್ ಹಿಡಿದ. ಸುಟ್ಟ ನೈಲಾನಿನ ಕಮಟು ಮೂಗಿಗೆ ಬಡಿಯಿತು. ಮೈ ಗುಡ್‌ನೆಸ್! ಕಂಬ ಹಿಡಿದು ನಿಂತೆ. ಕಾಲೇಜು ಹುಡುಗಿಯೊಬ್ಬಳು "ಆಜೀ, ಪಾಣೀ ದೇಊ ಕಾ?" ಎಂದು ಬಾಟಲಿ ಚಾಚಿದಳು. "ನೋ ಥ್ಯಾಂಕ್ ಯೂ, ಡಿಯರ್" ಎಂದೆ. ಬಿಸಿಲಿಗೆ ಹೀಗಾಯಿತು ಎಂದುಕೊಂಡಿರಬೇಕು ಪಾಪ. ಡೊಂಬಿವಲಿಯಲ್ಲಿ ನಲವತ್ತು ವರ್ಷ ಕೆಮಿಕಲ್ ಗಾಳಿ ಕುಡಿದು ಬದುಕಿದ ನನಗೆ ವಾಸನೆಗಳ ವಿಷಯದಲ್ಲಿ ನಾಜೂಕಿಲ್ಲ. ಈ ಒಂದು ವಾಸನೆಯನ್ನು ಮಾತ್ರ ತಡೆಯಲಾರೆ.

ಆ ಬೇಸಿಗೆಯಲ್ಲಿ ನನಗೆ ಅರುವತ್ತೊಂಬತ್ತು. ಠಾಣೆಯ ಒಂದು ಎಕ್ಸ್‌ಪೋರ್ಟ್ ಗಾರ್ಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಚೆಕಿಂಗ್ ಮಾಡಿ ನಿವೃತ್ತಳಾಗಿದ್ದೆ. ವಿದೇಶಕ್ಕೆ ಹೋಗುವ ಕೋಟುಗಳ ಹೊಲಿಗೆ ನೋಡುವುದು ನನ್ನ ಕೆಲಸ. ಆ ಕಣ್ಣು ಬಂದದ್ದು ಊರಿನ ಕಾನ್ವೆಂಟಿನಿಂದ. ನೀಡಲ್‌ವರ್ಕ್ ಕ್ಲಾಸಿನಲ್ಲಿ ನಮ್ಮ ಸಿಸ್ಟರ್ ಬಟ್ಟೆಯ ಚಂದದ ಬದಿಯನ್ನು ನೋಡುತ್ತಲೇ ಇರಲಿಲ್ಲ. "ಶೋ ಮಿ ದ ರಾಂಗ್ ಸೈಡ್, ಚೈಲ್ಡ್" ಎಂದು ಮಗುಚುತ್ತಿದ್ದರು. ಒಳಬದಿ ಕೊಳಕಾಗಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದರು. ನಿವೃತ್ತಿಯ ಮೇಲೆ ಆ ಕಣ್ಣಿಗೆ ಕೆಲಸವಿರಲಿಲ್ಲ. ನಾನೂ ನನ್ನ ನಾದಿನಿಯೂ ಸಂಜೆ ಹೊತ್ತು ಟಿ.ವಿ.ಯಲ್ಲಿ ಬರುವ ಹೆಂಗಸರ ರವಿಕೆಯ ತೋಳು ಹೇಗೆ ಕೂತಿಲ್ಲ ಎಂದು ಆಡಿಕೊಳ್ಳುವುದೇ ನಮಗಿದ್ದ ಕಸುಬು.

ಆಗ ಬಂದವನು ರೋಹನ್. ವಾಶಿಯಲ್ಲಿ ಹೋಟೆಲು ಇಟ್ಟ ಉಡುಪಿ ಕಡೆಯವರೊಬ್ಬರು ನನ್ನ ಯಜಮಾನರಿಗೆ ಗೆಳೆಯರು, ಅವರ ಮಗ. ಇಲ್ಲೇ ಹುಟ್ಟಿದವನು. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರಲೊಲ್ಲದೆ ಇಂಜಿನಿಯರಿಂಗ್ ಓದಿ, ನಾಲ್ಕೈದು ಮಂದಿ ಗೆಳೆಯರನ್ನು ಕೂಡಿಸಿಕೊಂಡು ರಬಾಳೆಯ ಕಾರ್ಖಾನೆಗಳ ಸಾಲಿನಲ್ಲಿ ಶೆಡ್ಡು ಹಿಡಿದಿದ್ದ. ಒಂದು ಪಕ್ಕ ಮಸಾಲೆ ಪ್ಯಾಕಿಂಗ್, ಇನ್ನೊಂದು ಪಕ್ಕ ಪ್ರಿಂಟಿಂಗ್ ಪ್ರೆಸ್, ನಡುವೆ ರಾಕೆಟ್.

"ಆಂಟಿ, ಸಿಂಪಲ್ ಹೈ" ಎಂದು ನಮ್ಮ ಊಟದ ಮೇಜಿನ ಮೇಲೆ ಚಟ್ನಿಯ ಬಟ್ಟಲನ್ನೂ ಲೋಟವನ್ನೂ ಇಟ್ಟು ತೋರಿಸಿದ. ಲೋಟ ರಾಕೆಟ್, ಅದರ ನೆತ್ತಿಯ ಬಟ್ಟಲಿನಲ್ಲಿ ನಾಲ್ಕು ಜನ. ನೇರ ಮೇಲೆ, ಆಕಾಶ ಕಪ್ಪಾಗುವ ತನಕ. ಭೂಮಿಯನ್ನು ಸುತ್ತುವುದಿಲ್ಲ, ಎಸೆದ ಕಲ್ಲಿನ ಹಾಗೆ ಮೇಲೆ ಹೋಗಿ ಕೆಳಗೆ ಬರುವುದು. ಮೇಲೆ ಮೂರ್ನಾಲ್ಕು ನಿಮಿಷ ಮೈಗೆ ತೂಕವೇ ಇರುವುದಿಲ್ಲ, ಹತ್ತಿಯ ಹಾಗೆ ತೇಲಬಹುದು. ಆಮೇಲೆ ಲೋಟ ತನ್ನ ಬೆಂಕಿಯ ಮೇಲೆಯೇ ಮೆಲ್ಲಗೆ ಇಳಿದು ನಾಲ್ಕು ಕಾಲೂರಿ ನಿಲ್ಲುತ್ತದೆ, ಬಟ್ಟಲು ಪ್ಯಾರಾಶೂಟಿನಲ್ಲಿ ಇಳಿಯುತ್ತದೆ. ಎರಡನ್ನೂ ತೊಳೆದು ಒರೆಸಿ ಮತ್ತೆ ಹಾರಿಸುವುದು. ಎಲ್ಲ ಸೇರಿ ಹನ್ನೊಂದು ನಿಮಿಷ.

"ಹನ್ನೊಂದು ನಿಮಿಷಕ್ಕೆ ಜನ ದುಡ್ಡು ಕೊಡ್ತಾರಾ ಮಾರಾಯ?" ಎಂದಳು ನಾದಿನಿ.

"ಆಂಟೀ, ಕ್ಯೂ ಲಗೀ ಹೈ!" ಸಾಲುಗಟ್ಟಿ ನಿಂತಿದ್ದಾರಂತೆ.

ಪ್ಯಾರಾಶೂಟೂ ಮತ್ತೆ ಮತ್ತೆ ಬಳಸುವಂಥದ್ದು. ಪ್ರತಿ ಸಲ ಇಳಿದ ಮೇಲೆ ಅದರ ಒಂದೊಂದು ಹೊಲಿಗೆಯನ್ನೂ ಬೆಳಕಿಗೆ ಹಿಡಿದು ನೋಡಿ, ಸವೆದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಇಂಗ್ಲಿಷಿನಲ್ಲಿ ವರದಿ ಬರೆಯಬೇಕು. ಇಂಜಿನಿಯರುಗಳಿಗೆ ಲೋಹ ಗೊತ್ತು, ಬಟ್ಟೆ ಗೊತ್ತಿಲ್ಲ. "ಆಪ್ ಕೇ ಜೈಸಾ ಇಂಗ್ಲಿಷ್ ಹಮಾರೇ ಯಹಾಂ ಕಿಸೀ ಕಾ ನಹೀಂ, ಆಂಟಿ" ಎಂದ. ನನ್ನಂಥ ಇಂಗ್ಲಿಷ್ ಅವರಲ್ಲಿ ಯಾರದೂ ಇಲ್ಲವಂತೆ. ಆ ಒಂದು ಮಾತಿಗೆ ನಾನು ಬಿದ್ದೆ. ಮಾರ್ಚ್ ತಿಂಗಳಲ್ಲಿ ಕೊರಳಿಗೆ ಫೋಟೋ ಇರುವ ಕಾರ್ಡು ತೂಗಿಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ, ಕೆಲಸಕ್ಕೆ ಹೊರಟೆ. ವಾಟ್ ವ್ಯಾನಿಟಿ! ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ಓದಲಿ ಎಂದು ಆ ಕಾರ್ಡನ್ನು ಸೀರೆಯ ಮೇಲೆಯೇ ಬಿಟ್ಟುಕೊಳ್ಳುತ್ತಿದ್ದೆ.

ಹೊಲಿಯುವವನು ನನಗಿಂತ ಒಂದು ವಾರ ಮೊದಲೇ ಬಂದಿದ್ದ. ಹೆಸರು ಶರಣಪ್ಪ, ಕಲಬುರಗಿ ಕಡೆಯವನು, ಐವತ್ತೈದರ ಆಸುಪಾಸು. ಠಾಣೆಯ ಗಲ್ಲಿಯೊಂದರಲ್ಲಿ ಮದುವೆ ಗಂಡುಗಳಿಗೆ ಸೂಟು ಹೊಲಿಯುತ್ತಿದ್ದವನು. ರೆಡಿಮೇಡ್ ಬಂದು ಅಂಗಡಿ ಮುಚ್ಚಿತು. ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯಲ್ಲಿ ಸಂಸಾರ. ಗುತ್ತಿಗೆದಾರನೊಬ್ಬ ಅವನನ್ನು ಇಲ್ಲಿಗೆ ಕಳಿಸಿದ್ದ. ನಾನು ಕನ್ನಡದವಳೆಂದು ತಿಳಿದ ದಿನ ಅವನು ಯಂತ್ರ ನಿಲ್ಲಿಸಿ ಎದ್ದು ನಿಂತು ಕೈ ಮುಗಿದ.

"ಅಕ್ಕೋರ, ದೇವ್ರು ಕಳಿಸ್ದಂಗ ಬಂದ್ರಿ. ಇಲ್ಲಿ ಮಂದಿ ನನಗ ಎಲ್ಲಾ ಇಂಗ್ಲಿಷಿನಾಗ ಹೇಳ್ತಾರ, ನಾ ಎಲ್ಲದಕ್ಕೂ ಓಕೆ ಅಂತೀನಿ."

"ಹಾಗೆ ಓಕೆ ಅಂದರೆ ಹೇಗೆ ಮಾರಾಯ್ರೆ? ಇದು ಪ್ಯಾರಾಶೂಟ್."

"ಕೈ ತಪ್ಪ ಮಾಡಂಗಿಲ್ರಿ, ಬಾಯಿ ಅಷ್ಟ ಓಕೆ ಅಂತದ."

ನಿಜ, ಅವನ ಕೈ ತಪ್ಪು ಮಾಡುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಅಂಥ ಹೊಲಿಗೆ ನಾನು ನೋಡಿರಲಿಲ್ಲ. ಒಳಬದಿಯೂ ಹೊರಬದಿಯೂ ಅವಳಿಗಳಂತೆ. ಮೊದಲ ದಿನವೇ ಮಗುಚಿ ನೋಡಿ ಸುಮ್ಮನೆ ಇಟ್ಟುಬಿಟ್ಟೆ. ಅವನು ಕನ್ನಡಕದ ಮೇಲಿನಿಂದ ನೋಡುತ್ತಿದ್ದ. "ಏನೂ ಸಿಗಲಿಲ್ಲ ಹೌದಲ್ರಿ?" ಎಂದು ನಕ್ಕ.

ಆ ಶೆಡ್ಡಿನಲ್ಲಿ ನೂಲಿಗೊಂದು ನಿಯಮವಿತ್ತು. ಪ್ಯಾರಾಶೂಟಿನ ಜವಾಬ್ದಾರಿ ಹೊತ್ತಿದ್ದ ಇಂಜಿನಿಯರ್ ಹುಡುಗಿ ಅದಿತಿ, ಕಲ್ಯಾಣದವಳು, ಬಹಳ ಶಿಸ್ತಿನವಳು, ಹೊರಗಿನ ಒಂದು ಎಳೆ ದಾರವನ್ನೂ ಒಳಗೆ ಬಿಡುತ್ತಿರಲಿಲ್ಲ. ಸಾದಾ ಹತ್ತಿ ದಾರ ಯಾವುದೋ ಮಡಿಕೆಯಲ್ಲಿ ಉಳಿದು ಹೊಲಿಗೆಯ ಜಾಗದಲ್ಲಿ ಕೂತರೆ ಅಪಾಯವೆಂದು. ಶರಣಪ್ಪ ತನ್ನ ಹಳೆಯ ಹೊಲಿಗೆಪೆಟ್ಟಿಗೆಯನ್ನು ಬಾಗಿಲಲ್ಲೇ ಇಟ್ಟು ಬರಬೇಕಿತ್ತು. ಒಳಗೆ ಇದ್ದದ್ದು ಒಂದೇ ದಾರ: ಬಿಳಿ ನೈಲಾನ್, ಹಲ್ಲಿನಿಂದ ಕಚ್ಚಿದರೂ ತುಂಡಾಗದ್ದು, ಕತ್ತರಿಸಿದ ಮೇಲೆ ತುದಿಯನ್ನು ಲೈಟರಿನಿಂದ ಸುಡಬೇಕಾದದ್ದು.

ಕೆಲಸ ಚೆನ್ನಾಗಿಯೇ ನಡೆಯಿತು ಎಂಬುದನ್ನು ಹೇಳಬೇಕು. ಮಾರ್ಚ್, ಏಪ್ರಿಲ್, ಮೇಯಲ್ಲಿ ಒಂದೊಂದರಂತೆ ಮೂರು ಸಲ, ಕಲ್ಯಾಣ ದಾಟಿ ಮುರಬಾಡಿನ ಆಚೆಯ ಬಯಲಿನಲ್ಲಿ ಬಾಡಿಗೆ ಹೆಲಿಕಾಪ್ಟರಿನಿಂದ ನಮ್ಮ ಬಟ್ಟಲನ್ನು ಬೀಳಿಸಿದರು. ನಿಜವಾದ ಅಳತೆಯದಲ್ಲ, ಅರ್ಧ ಅಳತೆಯ ಮಾದರಿ. ಬೀಳತೊಡಗಿ ಕೆಲವು ಸೆಕೆಂಡಿನಲ್ಲಿ ಚೀಲದ ಬಾಯಿಯ ಪಿನ್ನು ತಾನಾಗಿ ಕಳಚಬೇಕು. ಮುಚ್ಚಳ ತೆರೆದು ಸ್ಪ್ರಿಂಗಿನ ಬಲಕ್ಕೆ ಛತ್ರಿಯಷ್ಟು ಸಣ್ಣ ಪ್ಯಾರಾಶೂಟೊಂದು ಹೊರಗೆ ಹಾರಿ ಗಾಳಿ ಹಿಡಿಯಬೇಕು. ಅದು ದೊಡ್ಡದನ್ನು ಎಳೆದು ತೆರೆಯಬೇಕು. ಮೂರು ಸಲವೂ ತೆರೆಯಿತು. ಕೇಸರಿ ಬಿಳಿ ಪಟ್ಟೆಗಳ ಆ ಬಟ್ಟೆ ತಲೆಯ ಮೇಲೆ ಅರಳಿದಾಗ ಶರಣಪ್ಪ "ನಂದ್ರಿ ಅದು, ನಂದು" ಎಂದು ನನ್ನ ತೋಳು ಹಿಡಿದು ಅಲುಗಿಸಿದ್ದ. ಆಮೇಲೆ ಹೆಂಗಸಿನ ತೋಳು ಹಿಡಿದೆನಲ್ಲ ಎಂದು ನಾಚಿ ದೂರ ಹೋಗಿ ನಿಂತಿದ್ದ.

ಹೇಸಿಗೆ ಶುರುವಾದದ್ದು ಗೆಸ್ಟುಗಳಿಂದ. ಟಿಕೆಟು ಕಾದಿರಿಸಿದವರನ್ನು ಗಿರಾಕಿ ಎನ್ನಬಾರದು, ಗೆಸ್ಟ್ ಎನ್ನಬೇಕು. ಬಂದವರಿಗೆ ತೋರಿಸಲು ಕೆಳಗಡೆ ಒಂದು ಸೀಟು ಮಾಡಿದ್ದರು. ಕೆನೆಬಣ್ಣದ ಚರ್ಮದ ಹೊದಿಕೆ, ಅದನ್ನೂ ಶರಣಪ್ಪನೇ ಹೊಲಿದದ್ದು. ಅದರಲ್ಲಿ ಕೂರಿಸಿ ಹಿಂದೆ ಮುಂದೆ ವಾಲಿಸಿ ತಿರುಗಿಸುತ್ತಿದ್ದರು. ಘೋಡ್‌ಬಂದರ್ ರಸ್ತೆಯ ಕಡೆಯ ಬಿಲ್ಡರ್ ಒಬ್ಬ ಹೆಂಡತಿಯೊಡನೆ ಬಂದ. ಆಕೆ ಕೇಳಿದ ಒಂದೇ ಪ್ರಶ್ನೆ, ತೂಕವಿಲ್ಲದಾಗ ಕೂದಲು ಹೇಗೆ ಕಾಣುತ್ತದೆ, ಫೋಟೋ ತೆಗೆಯುವವರು ಯಾರು ಎಂದು. ಗಂಡ ಊಟ ಮುಗಿಸಿ ಸೀಟಿನಲ್ಲಿ ಕೂತು ಎರಡು ಸುತ್ತು ತಿರುಗುವಷ್ಟರಲ್ಲಿ, ಆ ಕೆನೆಬಣ್ಣದ ಮೇಲೆಲ್ಲ ಕಾರಿಕೊಂಡ. ಬಿರಿಯಾನಿ. ಎಲ್ಲರೂ ನಕ್ಕರು, ಅವನೂ ನಕ್ಕ. ಟಿಶ್ಯೂ ಕೊಟ್ಟು ಮೇಲೆ ಎ.ಸಿ. ಕೋಣೆಗೆ ಕರೆದೊಯ್ದರು.

"ಶರಣಪ್ಪ ಕೋ ಬುಲಾವ್. ಕವರ್ ಉಸೀ ನೇ ಸಿಯಾ ಹೈ, ನಿಕಾಲ್ನಾ ಉಸೇ ಆತಾ ಹೈ" ಎಂದ ರೋಹನ್, ಹೊಲಿದವನೇ ಬಿಚ್ಚಲಿ ಎಂದು.

ಶರಣಪ್ಪ ಹೊದಿಕೆ ಬಿಚ್ಚಿ ಹಿತ್ತಲಿನ ನಲ್ಲಿಯ ಕೆಳಗೆ ಬರಿಗೈಯಲ್ಲಿ ತೊಳೆದ. ಪಕ್ಕದ ಮಸಾಲೆಯ ಘಾಟಿನ ಜೊತೆ ಆ ನಾತ ಸೇರಿ... ಐ ಕಾಂಟ್ ಡಿಸ್ಕ್ರೈಬ್ ಇಟ್. ನಾನು ಕರ್ಚೀಫು ಮೂಗಿಗೆ ಒತ್ತಿ ಹತ್ತಿರ ನಿಂತು "ಅವರಿಗೆ ಹೇಳಬೇಕಿತ್ತು, ಇದು ನಿಮ್ಮ ಕೆಲಸ ಅಲ್ಲ ಅಂತ" ಎಂದೆ.

"ಇರ್ಲಿ ಬಿಡ್ರಿ ಅಕ್ಕೋರ. ಹನ್ನೊಂದು ಮಿನಿಟಿಗೆ ಇಷ್ಟು ತಯಾರಿ ನಡೆದದ. ನಮ್ಮ ಕಳವಾ ಗಲ್ಲಿಯಾಗ ಸಂಡಾಸಿನ ಪಾಳಿ ಹನ್ನೊಂದು ಮಿನಿಟಿಗಿಂತ ಹೆಚ್ಚಿಗಿ ಅದರಿ. ಅದೂ ದಿನಾ."

ನಕ್ಕೆವು. ನಕ್ಕು ನಾನು ಮೇಲೆ ಹೋದೆ. ಅಲ್ಲಿ ಬಿಲ್ಡರನ ಹೆಂಡತಿ "ಯೂ ಸ್ಪೀಕ್ ಸೋ ವೆಲ್!" ಎಂದಳು. ಆ ಮಾತಿಗೆ ಹಿಗ್ಗಿ, ಕೆಳಗೆ ಅವನು ತೊಳೆಯುತ್ತಿದ್ದಾಗಲೇ, ನಾನು ಅವಳ ಜೊತೆ ಪೈನಾಪಲ್ ಪೇಸ್ಟ್ರಿ ತಿಂದೆ. ಅವರನ್ನು ನೆನೆದರೆ ಆಗುವ ಅಸಹ್ಯಕ್ಕಿಂತ ಆ ಪೇಸ್ಟ್ರಿಯನ್ನು ನೆನೆದರೆ ಆಗುವುದೇ ಹೆಚ್ಚು.

ಜೂನಿನ ಮೊದಲ ವಾರ, ಮಳೆ ಹಿಡಿಯುವ ಮೊದಲು, ನಾಲ್ಕನೆಯ ಸಲ ಬೀಳಿಸುವುದೆಂದಾಯಿತು. ಈ ಸಲ ನೋಡಲು ಗೆಸ್ಟುಗಳೂ, ಬಂಡವಾಳ ಹಾಕುವವರೂ ಬರುವವರು. ಅದಕ್ಕಾಗಿ ರೋಹನ್ ಮೂರು ಬದಲಾವಣೆ ಮಾಡಿದ. ಒಂದು, ಅರ್ಧ ಅಳತೆಯ ಬಟ್ಟಲಿನೊಳಗೆ ಎರಡು ಬೊಂಬೆಗಳನ್ನು ಕೂರಿಸುವುದು. ದೊಡ್ಡವರ ಬೊಂಬೆ ಹಿಡಿಸದು. ಡೊಂಬಿವಲಿಯ ಮಕ್ಕಳ ಬಟ್ಟೆಯಂಗಡಿಯೊಂದರಿಂದ ಶೋಕೇಸಿನ ಬೊಂಬೆಗಳನ್ನು ನಾನೇ ಕೇಳಿ ತಂದೆ, ಒಂದು ಗಂಡು, ಒಂದು ಹೆಣ್ಣು. ಶರಣಪ್ಪ ಅವಕ್ಕೆ ನೀಲಿ ಅಂಗಿ ಹೊಲಿದು ತೊಡಿಸಿದ. ಎರಡು, ಅವುಗಳ ಮುಖ ಹಿಡಿಯುವ ಕ್ಯಾಮೆರಾ ಪೆಟ್ಟಿಗೆ ಇಡಲು ಜಾಗ ಬೇಕೆಂದು, ಅಕಸ್ಮಾತ್ತಿಗೆಂದು ಇಡುತ್ತಿದ್ದ ಎರಡನೆಯ ಪ್ಯಾರಾಶೂಟನ್ನು ತೆಗೆಸಿದ. ಅದಿತಿ ಒಪ್ಪಲಿಲ್ಲ, ಜಗಳವಾಡಿದಳು. "ಥ್ರೀ ಔಟ್ ಆಫ್ ಥ್ರೀ, ಯಾರ್" ಎಂದು ಅವಳ ಬಾಯಿ ಮುಚ್ಚಿಸಿದ. ಮೂರು, ಪ್ಯಾರಾಶೂಟಿನ ಹಳೆಯ ಚೀಲದ ಮೇಲೆ ಮಣ್ಣಿನ ಕಲೆಯಾಗಿತ್ತು; ಫೋಟೋದಲ್ಲಿ ಚಂದ ಕಾಣದೆಂದು ಹೊಸ ಚೀಲ ಹೊಲಿಸಿದ. ಬಂಗಾರದ ಬಣ್ಣ, ಅಂಚಿಗೆ ಬಿಳಿ ದಾರದ ಅಲಂಕಾರದ ಹೊಲಿಗೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅದಿತಿಯೂ ಶರಣಪ್ಪನೂ ಪ್ಯಾರಾಶೂಟನ್ನು ಮಡಚಿ ಚೀಲಕ್ಕೆ ತುಂಬಿದರು. ಸಣ್ಣ ಪ್ಯಾರಾಶೂಟು ಬಾಯಿಯ ಜೇಬಿನಲ್ಲಿ ಕೂತಿತು, ಮುಚ್ಚಳ ಮುಚ್ಚಿ ಪಿನ್ನು ಹಾಕಿದರು. ಅದಿತಿಯನ್ನು ಕೆಳಗಿನಿಂದ ಯಾರೋ ಕರೆದರು. ಹೋಗುತ್ತ "ಆಂಟಿ, ಫೈನಲ್ ಚೆಕ್ ನಿಮ್ಮದು, ಸೈನ್ ಮಾಡಿ ಮುಗಿಸಿಬಿಡಿ" ಎಂಬರ್ಥದಲ್ಲಿ ಮರಾಠಿಯಲ್ಲಿ ಹೇಳಿ ಹೋದಳು. ನಾನು ಕನ್ನಡಕ ಒರೆಸಿಕೊಂಡು ಬರುವಷ್ಟರಲ್ಲಿ ಶರಣಪ್ಪ ಆ ಮುಚ್ಚಳದ ಅಂಚಿಗೆ ಕೈಸೂಜಿಯಲ್ಲಿ ನಾಲ್ಕು ಉದ್ದನೆಯ ಹೊಲಿಗೆ ಹಾಕಿ ಮುಗಿಸಿದ್ದ.

ಹೊಸ ಕೋಟು ಕೊಂಡವರಿಗೆ ಇದು ಗೊತ್ತಿರುತ್ತದೆ. ಕೋಟಿನ ಹಿಂದಿನ ಸೀಳನ್ನೂ ಜೇಬಿನ ಬಾಯನ್ನೂ ದರ್ಜಿ ಕಚ್ಚಾ ಹೊಲಿಗೆ ಹಾಕಿ ಮುಚ್ಚಿಯೇ ಕೊಡುತ್ತಾನೆ. ಆಕಾರ ಕೆಡದಿರಲೆಂದು, ಅದಕ್ಕಿಂತ ಹೆಚ್ಚಾಗಿ ಇದು ಹೊಸದು, ಯಾರೂ ತೊಟ್ಟದ್ದಲ್ಲ ಎಂಬ ಗುರುತಿಗೆ. ಉಡುವವನು ತನ್ನ ಕೈಯಾರೆ ಆ ದಾರ ಕಿತ್ತು ಉಡಬೇಕು. ಶರಣಪ್ಪ ನಲವತ್ತು ವರ್ಷ ಹಾಗೆಯೇ ಕೊಟ್ಟವನು. ನಾನು ಮೂವತ್ತು ವರ್ಷ ಹಾಗೆಯೇ ಪಾಸು ಮಾಡಿದವಳು. ಮಾರನೆಯ ದಿನ ಬಯಲಿನಲ್ಲಿ ರೋಹನ್ ಗೆಸ್ಟುಗಳ ಎದುರು ಚೀಲವನ್ನು ತೋರಿಸುವ ಸಮಾರಂಭವಿತ್ತು. ಆಗ ಬಿಚ್ಚುತ್ತಾರೆ ಎಂದು ಶರಣಪ್ಪ ಅಂದುಕೊಂಡ. ಯಾರೋ ಬಿಚ್ಚುತ್ತಾರೆ ಎಂದು ನಾನೂ ಅಂದುಕೊಂಡೆ. ಅಂದುಕೊಂಡೆನೇ? ಅಷ್ಟೂ ಇಲ್ಲ. ಕಣ್ಣಿಗೆ ಅದು ಅಷ್ಟು ಪರಿಚಿತವಾಗಿತ್ತು. ಬಂಗಾರದ ಬಣ್ಣದ ಮೇಲೆ ಅಕ್ಕಿ ಕಾಳಿನಂಥ ನಾಲ್ಕು ಹೊಲಿಗೆ. ಹೆಬ್ಬೆರಳಿನಿಂದ ಸವರಿ ನೋಡಿದೆ.

"ಎಂತ ಮಾರಾಯ್ರೆ, ಹೊಸ ಕೋಟು ಕೊಟ್ಟ ಹಾಗೆ ಕೊಟ್ಟಿದ್ದೀರಲ್ಲ!" ಎಂದು ನಕ್ಕೆ.

"ಮತ್ತ? ಮಾಲಕ ತನ್ನ ಕೈಲೆ ಬಿಚ್ಚಬೇಕ್ರಿ" ಎಂದ ಅವನು, ಬಹಳ ಖುಷಿಯಿಂದ.

ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಹಾಳೆಯ ಮೇಲೆ ಸಮಯ ಬರೆದು ರುಜು ಮಾಡಿದೆ. ದರ್ಜಿಯ ಅಂಗಡಿಯಲ್ಲಾದರೆ ಕಚ್ಚಾ ಹೊಲಿಗೆಗೆ ಹತ್ತಿ ದಾರ. ಬೆರಳಲ್ಲಿ ಎಳೆದರೆ ಕಿತ್ತು ಬರುತ್ತದೆ. ಆ ದಾರ ಹೊರಬಾಗಿಲಿನ ಪೆಟ್ಟಿಗೆಯಲ್ಲಿತ್ತು. ಅವನ ಕೈಯಲ್ಲಿದ್ದದ್ದು ಆ ನೈಲಾನ್ ಒಂದೇ.

ಬಯಲಿನಲ್ಲಿ ಶಾಮಿಯಾನ, ಕೂಲರು, ಎಳನೀರು. ಹೆಲಿಕಾಪ್ಟರು ತಡವಾಯಿತೆಂದು ಚೀಲ ತೋರಿಸುವ ಸಮಾರಂಭವನ್ನು ಬಿಟ್ಟೇಬಿಟ್ಟರು. ಮೋಡ ಕಟ್ಟುತ್ತಿತ್ತು. ಬಟ್ಟಲು ಮೇಲೆ ಹೋಯಿತು, ಕಳಚಿತು, ಬೀಳತೊಡಗಿತು. ಶರಣಪ್ಪ ನನ್ನ ಪಕ್ಕದಲ್ಲಿ ಬೆರಳೆಣಿಸುತ್ತಿದ್ದ. ಎಂದಿನ ಜಾಗದಲ್ಲಿ ಅದು ತೆರೆಯಲಿಲ್ಲ. ಅವನು ಎಣಿಸುವುದನ್ನು ನಿಲ್ಲಿಸಿದ. ಆಮೇಲೆ ಬಹಳ ಹೊತ್ತು ಎಂಬಂತೆ ಅದು ಬೀಳುತ್ತಲೇ ಇತ್ತು. ಗೆಸ್ಟುಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಹಾಗೆಯೇ ಆಗಬೇಕು ಎಂದುಕೊಂಡಿರಬೇಕು.

ಓಡಿದೆವು. ನಾನು ಕೊನೆಗೆ ತಲುಪಿದೆ. ಬಟ್ಟಲು ಮಣ್ಣಿನಲ್ಲಿ ತಟ್ಟೆಯಾಗಿತ್ತು. ಬೊಂಬೆಗಳ ತಲೆ ಎಲ್ಲೋ, ಕಾಲು ಎಲ್ಲೋ. ಒಂದು ಸಣ್ಣ ಕೈ, ಬೆರಳು ಬೆರಳು ಬಿಡಿಸಿ ಕೆತ್ತಿದ್ದು, ನೀಲಿ ತೋಳಿನ ಸಮೇತ ಹುಲ್ಲಿನಲ್ಲಿ ಬಿದ್ದಿತ್ತು. ಶರಣಪ್ಪ ಅದನ್ನು ಎತ್ತಿಕೊಂಡು ತೋಳಿನ ಮಡಿಕೆಯನ್ನು ಸರಿಮಾಡಿದ. ಬಂಗಾರದ ಚೀಲ ಒಂದು ಬದಿಗೆ ಬಿದ್ದಿತ್ತು. ಪಿನ್ನು ಕಳಚಿತ್ತು, ಮುಚ್ಚಳ ಮುಚ್ಚಿಯೇ ಇತ್ತು. ಅದಿತಿ ಬಗ್ಗಿ ನೋಡಿ "ಹೇ ಕಾಯ್?" ಎಂದಳು. ಏನಿದು? ನಾಲ್ಕು ಹೊಲಿಗೆ, ಒಂದೂ ಅಲುಗಿರಲಿಲ್ಲ.

"ನಾ ಹಾಕಿದ್ದು" ಎಂದ ಶರಣಪ್ಪ. ಯಾರೂ ಅವನನ್ನು ಕೇಳುವ ಮೊದಲೇ. ಹಿಂದಿಯಲ್ಲೂ ಹೇಳಿದ, "ಮೈ ಡಾಲಾ." ಆಮೇಲೆ ನನ್ನ ಕಡೆ ತಿರುಗಿದ. ನಾನು ಏನಾದರೂ ಹೇಳುತ್ತೇನೆ ಎಂದಲ್ಲ. ಮಂದಿ ಹಾಗೆ ತಿರುಗುತ್ತಾರಲ್ಲ, ತಮ್ಮವರ ಕಡೆ. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ.

ಎರಡು ದಿನ ಬಿಟ್ಟು ರೋಹನ್ ನನ್ನನ್ನು ಎ.ಸಿ. ಕೋಣೆಗೆ ಕರೆದ. ಹೊರಗೆ ಮಳೆ ಹಿಡಿದಿತ್ತು. ಬಂಡವಾಳದವರಿಗೆ ವರದಿ ಕೊಡಬೇಕು. "ಆಂಟಿ, ದೇ ಮಸ್ಟ್ ಫೀಲ್ ಕಿ ಹಮಾರಾ ಸಿಸ್ಟಮ್ ಠೀಕ್ ಹೈ, ಏಕ್ ಆದ್ಮೀ ನೇ ಗಡ್‌ಬಡ್ ಕಿಯಾ. ಆಪ್ ಕಾ ನಾಮ್ ಭೀ ಬಚ್ ಜಾಯೇಗಾ. ಸಿರ್ಫ್ ವರ್ಡಿಂಗ್ ಹೈ." ಕೆಡಿಸಿದ್ದು ಒಬ್ಬನೇ ಎಂದರೆ ನನ್ನ ಹೆಸರೂ ಉಳಿಯುತ್ತದಂತೆ, ಬರೀ ಪದಗಳ ಮಾತಂತೆ. ಎರಡನೆಯ ಪ್ಯಾರಾಶೂಟು ತೆಗೆಸಿದ ವಿಷಯ ಬೇಡ ಎಂದ. ಅದಿತಿ? ಅವಳು ರಾಜೀನಾಮೆ ಎಸೆದು ಆಗಲೇ ಹೋಗಿದ್ದಳು. ಅವಳು ಇಪ್ಪತ್ತಾರರ ಹುಡುಗಿ, ಎಸೆಯಬಲ್ಲವಳಾಗಿದ್ದಳು. ನನಗೆ ಎಸೆಯುವುದಕ್ಕೆ ಇನ್ನೂ ಸುಲಭವಿತ್ತು, ಪೆನ್ಶನ್ನಿತ್ತು, ಮನೆಯಿತ್ತು. ನನ್ನ ಹೆದರಿಕೆ ಹೊಟ್ಟೆಯದಲ್ಲ. ಮೂವತ್ತು ವರ್ಷ ಒಂದು ತಪ್ಪೂ ಬಿಡದ ಕಣ್ಣು ಎನಿಸಿಕೊಂಡವಳು, ನಾಲ್ಕು ಹೊಲಿಗೆಯನ್ನು ಮುಟ್ಟಿ ನೋಡಿ ನಕ್ಕು ಪಾಸು ಮಾಡಿದಳು ಎಂದು ಯಾರೂ ಹೇಳಬಾರದು. ಅಷ್ಟೇ.

ಬರೆದೆ. ಬಹಳ ಚೆನ್ನಾಗಿ ಬರೆದೆ. "ಆನ್ ಅನ್‌ಆಥರೈಸ್ಡ್ ಸ್ಟಿಚ್, ಇಂಟ್ರೊಡ್ಯೂಸ್ಡ್ ಬೈ ಎ ಕಾಂಟ್ರಾಕ್ಟ್ ವರ್ಕರ್ ಆಫ್ಟರ್ ಫೈನಲ್ ಇನ್‌ಸ್ಪೆಕ್ಷನ್." ಕೊನೆಯ ಪರೀಕ್ಷೆ ಮುಗಿದ ಮೇಲೆ, ಯಾರ ಅನುಮತಿಯೂ ಇಲ್ಲದೆ, ಗುತ್ತಿಗೆಯವನೊಬ್ಬ ಹಾಕಿದ ಹೊಲಿಗೆ. ನನ್ನ ಹಾಳೆಯ ಮೇಲಿನ ಸಮಯವನ್ನೂ ಒಂದು ಗಂಟೆ ಹಿಂದಕ್ಕೆ ತಿದ್ದಿ ಹೊಸದಾಗಿ ಬರೆದುಕೊಟ್ಟೆ. "ಬ್ಯೂಟಿಫುಲ್, ಆಂಟಿ" ಎಂದ ರೋಹನ್. ಛೀ.

ಆ ವರದಿಯ ಕೆಳಗೆ ಶರಣಪ್ಪನ ಒಪ್ಪಿಗೆಯ ರುಜು ಬೇಕಿತ್ತು. ಅವನಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸವೂ ನನ್ನದೇ. ಅಟ್ಟದ ಮೇಲೆ, ನಿಂತುಹೋದ ಅವನ ಯಂತ್ರದ ಪಕ್ಕ ಕೂತೆವು.

"ಏನಂತ ಬರದಾರ್ರಿ ಅಕ್ಕೋರ?"

"ಆದದ್ದನ್ನು ಬರೆದಿದೆ. ಆ ಹೊಲಿಗೆ ಹಾಕಿದ್ದು ನೀವು ಅಂತ."

"ಅದು ಖರೇನ ಅದಲ್ರಿ."

"ಹೌದು."

"ಮತ್ತೇನರ ಅದ ಏನ್ರಿ?"

"ಬಾಕಿ ಎಲ್ಲ ಟೆಕ್ನಿಕಲ್."

ಅವನು ಪೆನ್ನು ಹಿಡಿದು, ತುದಿಯನ್ನು ಕಾಗದಕ್ಕೆ ಮುಟ್ಟಿಸುವ ಮೊದಲು ಕೇಳಿದ, "ಒಳಗ ಖರೇ ಮಂದಿ ಇದ್ದಿದ್ರ ಏನಾಗ್ತಿತ್ರಿ? ಸಣ್ಣ ಕೂಸುಗಳ ಕೈ ಕಂಡಂಗ ಆಗ್ತದ ನನಗ, ಕಣ್ಣು ಮುಚ್ಚಿದ್ರ."

"ಮಕ್ಕಳನ್ನು ಯಾರೂ ಕಳಿಸುವುದಿಲ್ಲ ಶರಣಪ್ಪನವರೇ."

"ಹಂಗಂದ್ರ ಸರಿ" ಎಂದು ಕನ್ನಡದಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಹೆಸರು ಬರೆದ. ಸಂಜೆ ತನ್ನ ಪೆಟ್ಟಿಗೆ ತೆಗೆದುಕೊಂಡು ಮಳೆಯಲ್ಲಿ ಹೊರಟ. ನಾನು ಗಣೇಶ ಚವತಿಯ ತನಕ ಅಲ್ಲಿ ಕೂತೆ. ಹೊಸ ದರ್ಜಿಯ ಹೊಲಿಗೆ ಒಳಬದಿಯಲ್ಲಿ ನೋಡುವಂತಿರಲಿಲ್ಲ. ಅದನ್ನೇ ನೆಪ ಮಾಡಿ ಜಗಳ ತೆಗೆದು ಬಿಟ್ಟುಬಂದೆ. ಘನತೆಯಿಂದ ಬಿಟ್ಟುಬಂದೆ ಎಂದು ನಾದಿನಿ ಈಗಲೂ ಎಲ್ಲರಿಗೂ ಹೇಳುತ್ತಾಳೆ. ಅವರ ರಾಕೆಟ್ ಇನ್ನೂ ಯಾವ ಗೆಸ್ಟನ್ನೂ ಹೊತ್ತು ಹಾರಿಲ್ಲ. ಜಾಹೀರಾತು ಮಾತ್ರ ಪಾಮ್ ಬೀಚ್ ರಸ್ತೆಯಲ್ಲಿ ಕಾಣುತ್ತದೆ, ತೇಲು ಕೂದಲಿನ ಹೆಂಗಸೊಬ್ಬಳು.

ಶರಣಪ್ಪನನ್ನು ಕೊನೆಯ ಸಲ ಕಂಡದ್ದು ಮರುವರ್ಷದ ಚಳಿಗಾಲದಲ್ಲಿ, ಠಾಣೆಯಲ್ಲಿ, ವಾಶಿ ಕಡೆಯ ಗಾಡಿಯ ಪ್ಲಾಟ್‌ಫಾರಮಿನ ಮೇಲೆ. ಬೆಳಿಗ್ಗೆ ಒಂಬತ್ತಾಗಿತ್ತು. ಹಿಂದಿನಿಂದ "ಅಕ್ಕೋರ" ಎಂದು ಕೇಳಿ ತಿರುಗಿದೆ. ತೆಳ್ಳಗಾಗಿದ್ದ. ವಾಶಿಯ ಸಗಟು ಮಾರ್ಕೆಟ್ಟಿನಲ್ಲಿ ಗೋಣಿಚೀಲಗಳ ಬಾಯಿ ಹೊಲಿಯುವ ಕೆಲಸ ಸಿಕ್ಕಿದೆ ಎಂದ. ದಬ್ಬಣ ಹಿಡಿದು ಹಿಡಿದು ಬೆರಳಿನ ತುದಿಗಳು ಒಡೆದಿದ್ದವು. ನನ್ನ ಮಂಡಿನೋವು, ನಾದಿನಿಯ ಕಣ್ಣಿನ ಆಪರೇಶನ್ನು ಎಲ್ಲ ವಿಚಾರಿಸಿದ. ಆಮೇಲೆ ಹೇಳಿದ:

"ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಗುತ್ತಿಗೆದಾರ ಎಲ್ಲಾರ ಮುಂದ ಹೇಳ್ಯಾನ, ಚೆಕಿಂಗ್ ಆದ್ಮ್ಯಾಲ ನಾ ಕದ್ದು ಹೊಲಿಗಿ ಹಾಕೀನಂತ. ಕಾಗದದಾಗ ಹಂಗ ಅದ ಅಂತ. ನಮ್ಮ ಮಗಳೂ ಕೇಳಿದ್ಲು, ಯಾಕ ಹಂಗ ಮಾಡಿದಪ್ಪಾ ಅಂತ. ನನಗ ನೆನಪಿರೋದು ಏನಂದ್ರ, ನಾ ಹಾಕಿದ್ಮ್ಯಾಲ ನೀವ್ ಬಂದ್ರಿ, ಮುಟ್ಟಿ ನೋಡಿದ್ರಿ. ಹೊಸಾ ಕೋಟ ಕೊಟ್ಟಂಗ ಕೊಟ್ಟೀರಿ ಅಂತ ನಕ್ಕಿದ್ರಿ. ಇದು ಖರೇನೋ, ಇಲ್ಲಾ ನಾನ ಕಟ್ಟಿಕೊಂಡೀನೋ, ತಿಳೀವಲ್ದಾಗ್ಯಾದ. ಕೆಲಸಾ ಹೋದ್ರ ಹೋಗ್ಲಿ. ನಾ ಕದ್ದು ಮಾಡಾಂವ ಅಲ್ಲ ಅಂತ ನನಗರ ಗೊತ್ತಿರಬೇಕಲ್ರಿ. ನೀವ್ ನೋಡಿದ್ರೇನ್ರಿ?"

ಗಾಡಿ ಬರುವುದು ದೂರದಲ್ಲಿ ಕಾಣುತ್ತಿತ್ತು. ಜನ ಮುಂದಕ್ಕೆ ಸರಿಯತೊಡಗಿದರು. ಒಂದು ಶಬ್ದ ಸಾಕಿತ್ತು, ಹೌದು ಎಂದು.

"ವಯಸ್ಸಾಯಿತಲ್ಲ ಶರಣಪ್ಪನವರೇ" ಎಂದೆ. "ನನಗೀಗ ಏನೂ ನೆನಪಿರುವುದಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ. ಕನಿಕರವಿತ್ತು.

"ಇರ್ಲಿ ಬಿಡ್ರಿ. ವಯಸ್ಸಿಗೆ ಹಂಗ ಆಗ್ತದ" ಎಂದ. ನನ್ನ ಕೈಚೀಲ ತೆಗೆದುಕೊಂಡು, ಗುಂಪನ್ನು ಸರಿಸುತ್ತ ಲೇಡೀಸ್ ಡಬ್ಬಿಯ ತನಕ ಬಂದು, ನಾನು ಹತ್ತಿ ಕಂಬಿ ಹಿಡಿದ ಮೇಲೆ ಚೀಲವನ್ನು ಕೈಗೆ ಕೊಟ್ಟ. "ಗಟ್ಟಿ ಹಿಡ್ಕೋರಿ, ಅಕ್ಕೋರ" ಎಂದವನು, ಗಾಡಿ ಚಲಿಸತೊಡಗಿದಾಗ ತನ್ನ ಡಬ್ಬಿಗೆ ಓಡಿದ. ಹತ್ತಿದನೋ ಇಲ್ಲವೋ ನನಗೆ ಕಾಣಲಿಲ್ಲ.